ನಾಲ್ಕು ಎಕರೆ ಗೋವಿನಜೋಳಕ್ಕೆ ಎಷ್ಟು ಹಂದಿ?

ಪ್ರಶ್ನೆ: ನಮ್ಮದು ಶಿಗ್ಗಾವಿ ತಾಲೂಕು. ನಾಲ್ಕು ಎಕರೆ ಹೊಲ, ಒಂದು ಬೋರ್ ಇದೆ. ಗೋವಿನಜೋಳ ಬೆಳೆಯುತ್ತೇವೆ, ದರ ಪದೇ ಪದೇ ಕೈಕೊಡುತ್ತಿದೆ. 100 ಹೆಣ್ಣು, 10 ಗಂಡು ಹಂದಿಯ ಫಾರ್ಮ್ ಹಾಕಿದರೆ ಕೇಂದ್ರ ಸರ್ಕಾರ 30 ಲಕ್ಷ ಸಬ್ಸಿಡಿ ಕೊಡುತ್ತದಂತೆ. ಹುಬ್ಬಳ್ಳಿ ಮೇಲೆ ಗೋವಾಕ್ಕೆ ಮಾಲು ಹೋಗುತ್ತದೆ ಎಂದೂ ಹೇಳುತ್ತಾರೆ. ಅಪ್ಪ ಬೇಡವೇ ಬೇಡ ಅಂತಾರೆ. ಚೀನಾ, ಅಮೆರಿಕದಲ್ಲಿ ಹಂದಿ ಸಾಕಣೆ ಅಷ್ಟು ದೊಡ್ಡ ಉದ್ಯಮ, ನಮ್ಮ ದೇಶದಲ್ಲಿ ಯಾಕಿಲ್ಲ? ನಾನು ಇದಕ್ಕೆ ಇಳಿಯಬಹುದಾ? ಮರಿ ಎಲ್ಲಿಂದ ತರಲಿ?

ಉತ್ತರ: ಇಳಿಯಬಹುದು. ಆದರೆ ನೂರಕ್ಕಲ್ಲ, ಮೂರಕ್ಕೆ. ಯಾಕೆ ಮೂರು ಅಂತ ಮೊದಲು ಲೆಕ್ಕ ಹಾಕೋಣ. ನಿಮಗೆ ಇದನ್ನು ಯಾರೂ ಹಾಕಿ ತೋರಿಸಿಲ್ಲ ಅನ್ನಿಸುತ್ತದೆ.

ಹೆಣ್ಣು ಹಂದಿ ಗಬ್ಬ ನಿಂತ 114 ದಿನಕ್ಕೆ ಮರಿ ಹಾಕುತ್ತದೆ. ಮೂರು ತಿಂಗಳು, ಮೂರು ವಾರ, ಮೂರು ದಿನ ಅಂತ ನೆನಪಿಟ್ಟುಕೊಳ್ಳಿ. ವರ್ಷಕ್ಕೆ ಎರಡು ಸೂಲು. ಒಂದು ಸೂಲಿಗೆ 10 ಮರಿ ಹುಟ್ಟಿ 8 ಉಳಿದವು ಅಂತ ಹಿಡಿಯೋಣ. ಅಲ್ಲಿಗೆ ಒಂದು ತಾಯಿಗೆ ವರ್ಷಕ್ಕೆ 16 ಮರಿ. ಒಂದು ಮರಿ ಹಾಲು ಬಿಟ್ಟಾಗಿನಿಂದ ನೂರು ಕೆಜಿ ಆಗುವವರೆಗೆ ಸುಮಾರು 250 ಕೆಜಿ ಮೇವು ತಿನ್ನುತ್ತದೆ. 16 ಮರಿಗೆ ನಾಲ್ಕು ಟನ್. ತಾಯಿಗೆ, ಗಂಡಿನ ಪಾಲಿಗೆ ಸೇರಿ ಇನ್ನೊಂದು ಟನ್ ಚಿಲ್ಲರೆ. ಅಂದರೆ ಒಂದು ತಾಯಿ ಹಂದಿ ಕಟ್ಟಿದಿರಿ ಅಂದರೆ ವರ್ಷಕ್ಕೆ ಐದು ಟನ್ ಮೇವು ಕೊಡುತ್ತೇನೆ ಅಂತ ಒಪ್ಪಿಕೊಂಡ ಹಾಗೆ.

ಆ ಮೇವಿನಲ್ಲಿ ನೂರಕ್ಕೆ 60 ಪಾಲು ಗೋವಿನಜೋಳ. ಉಳಿದದ್ದು ಸೋಯಾ ಅಥವಾ ಶೇಂಗಾ ಹಿಂಡಿ, ತೌಡು, ಖನಿಜ ಮಿಶ್ರಣ, ಉಪ್ಪು. ನಿಮ್ಮ ನಾಲ್ಕು ಎಕರೆಯಲ್ಲಿ ಮಳೆ ಸರಿಯಾಗಿ ಬಂದ ವರ್ಷ ಎಕರೆಗೆ 25 ಕ್ವಿಂಟಲ್ ಅಂದರೂ 10 ಟನ್ ಆಯಿತು. ಅದು ಮೂರು ತಾಯಿ ಹಂದಿಗೆ ಮತ್ತು ಅವುಗಳ ಮರಿಗಳಿಗೆ ಸರಿಹೋಗುತ್ತದೆ, ನಾಲ್ಕನೆಯದಕ್ಕೆ ಸಾಲುವುದಿಲ್ಲ. ನೂರು ತಾಯಿ ಹಂದಿಗೆ ವರ್ಷಕ್ಕೆ ಮೂರು ನೂರು ಟನ್ ಗೋವಿನಜೋಳ ಬೇಕು, ನೂರಿಪ್ಪತ್ತು ಎಕರೆಯ ಫಸಲು. ಉಳಿದ ನೂರಾ ಹದಿನಾರು ಎಕರೆಯ ಕಾಳನ್ನು ನೀವು ಅಡತಿಯಲ್ಲಿ ನಿಂತು ರೊಕ್ಕ ಕೊಟ್ಟು ತರಬೇಕು. ಆಗ ನೀವು ಗೋವಿನಜೋಳ ಮಾರುವ ರೈತ ಅಲ್ಲ, ಕೊಳ್ಳುವ ವ್ಯಾಪಾರಿ. ದರ ಏರಿದರೆ ಇವತ್ತು ಹಿಗ್ಗುವ ನೀವು ಅವತ್ತು ರಾತ್ರಿ ನಿದ್ದೆ ಮಾಡುವುದಿಲ್ಲ.

ಈಗ ದುಡ್ಡಿನ ಲೆಕ್ಕ. ಮೇವು ಕೆಜಿಗೆ 30 ರೂಪಾಯಿ ಬಿತ್ತು ಅಂತ ಹಿಡಿಯಿರಿ. ನಿಮ್ಮ ಕಡೆ ಇವತ್ತು ಏನು ದರವೋ ಅದನ್ನೇ ಹಾಕಿ ನೋಡಿ. ಮರಿ ತಿಂದದ್ದು 7,500. ತಾಯಿ ತಿಂದದ್ದನ್ನು ಹದಿನಾರು ಮರಿಗೆ ಹಂಚಿದರೆ ತಲೆಗೆ ಎರಡು ಸಾವಿರ. ಔಷಧಿ, ಕೂಲಿ, ಕರೆಂಟು, ಸತ್ತ ಮರಿಗಳ ನಷ್ಟ ಎಲ್ಲ ಸೇರಿ ಇನ್ನೊಂದು ಒಂದೂವರೆ ಸಾವಿರ. ನೂರು ಕೆಜಿಯ ಹಂದಿಗೆ 11,000 ಖರ್ಚು. ಜೀವಂತ ತೂಕಕ್ಕೆ ಕೆಜಿಗೆ 110 ಬಂದರೆ ಹಾಕಿದ ಅಸಲು ವಾಪಸ್, ಅಷ್ಟೇ. 130 ಬಂದರೆ ಹಂದಿಗೆ ಎರಡು ಸಾವಿರ ಉಳಿಯಿತು. 100ಕ್ಕೆ ಇಳಿದರೆ ಹಂದಿಗೆ ಒಂದು ಸಾವಿರ ಹೋಯಿತು, ಮತ್ತು ನೂರು ತಾಯಿಯ ಫಾರ್ಮಿನಲ್ಲಿ ವರ್ಷಕ್ಕೆ 1,600 ಹಂದಿ ತಯಾರಾಗುತ್ತವೆ ಅನ್ನುವುದನ್ನು ಮರೆಯಬೇಡಿ. ಸಾವಿರವನ್ನು ಅದಕ್ಕೆ ಗುಣಿಸಿ. ಬ್ಯಾಂಕಿನ ಬಡ್ಡಿ ನಾನು ಇನ್ನೂ ಹಿಡಿದೇ ಇಲ್ಲ.

ಸಬ್ಸಿಡಿ ನಿಜ. ರಾಷ್ಟ್ರೀಯ ಜಾನುವಾರು ಮಿಷನ್ನಿನಲ್ಲಿ 100 ಹೆಣ್ಣು, 10 ಗಂಡಿನ ಘಟಕಕ್ಕೆ 30 ಲಕ್ಷದವರೆಗೆ, 50 ಹೆಣ್ಣು, 5 ಗಂಡಿಗೆ 15 ಲಕ್ಷದವರೆಗೆ ಇದೆ. ಆದರೆ ಅದು ಬಂಡವಾಳದ ಅರ್ಧ, ಎರಡು ಕಂತಿನಲ್ಲಿ ಬರುವಂಥದ್ದು. ಉಳಿದ ಅರ್ಧ ನಿಮ್ಮದು, ಇಲ್ಲವೇ ಬ್ಯಾಂಕಿನದು. ಹಂದಿಗಳು ದಿನಾ ತಿನ್ನುವ ಮೇವಿಗೆ ಆ ದುಡ್ಡು ಅಲ್ಲ. ಶೆಡ್ ಚೆನ್ನಾಗಿ ಎದ್ದು ನಿಂತಿರುತ್ತದೆ, ಒಳಗೆ ಹಂದಿಗಳು ಅರ್ಧ ಹೊಟ್ಟೆಯಲ್ಲಿ ಇರುತ್ತವೆ. ಇಂಥ ಎರಡು ಶೆಡ್‌ಗಳನ್ನು ಇದೇ ಹುಬ್ಬಳ್ಳಿ-ಹಾವೇರಿ ಹೆದ್ದಾರಿಯ ಬದಿಯಲ್ಲಿ ನಾನು ಕಣ್ಣಾರೆ ನೋಡಿದ್ದೇನೆ. ಈಗ ಒಂದರಲ್ಲಿ ಹೊಟ್ಟು ತುಂಬಿಟ್ಟಿದ್ದಾರೆ.

ಹಾಗಾದರೆ ಮೂರೇ ಯಾಕೆ ಸಾಕಬೇಕು, ಅದರಿಂದ ಏನು ಲಾಭ ಅಂತ ಕೇಳುತ್ತೀರಿ. ಇಲ್ಲೇ ನಿಮ್ಮ ದೊಡ್ಡ ಪ್ರಶ್ನೆಯೂ ಬರುತ್ತದೆ. ಬೇರೆ ದೇಶಗಳಲ್ಲಿ ಹಂದಿ ಬೆಳೆದದ್ದು ಗೋವಿನಜೋಳದ ಬೆನ್ನ ಮೇಲೆ. ಅಮೆರಿಕದಲ್ಲಿ ಅಯೋವಾ ಅಂತ ಒಂದು ರಾಜ್ಯ ಇದೆ, ದೊಡ್ಡದೊಂದು ಹಾವೇರಿ ಜಿಲ್ಲೆ ಅಂದುಕೊಳ್ಳಿ, ಎತ್ತ ನೋಡಿದರೂ ಗೋವಿನಜೋಳ ಮತ್ತು ಸೋಯಾ. ಆ ದೇಶದ ಹಂದಿಗಳಲ್ಲಿ ಮೂರರಲ್ಲಿ ಒಂದು ಪಾಲು ಆ ಒಂದು ರಾಜ್ಯದಲ್ಲೇ ಇವೆ. ಅಲ್ಲಿನ ರೈತರು ತಲೆಮಾರುಗಳಿಂದ ಒಂದು ಲೆಕ್ಕ ಇಟ್ಟುಕೊಂಡು ಬಂದಿದ್ದಾರೆ. ಹಂದಿಯ ದರವನ್ನು ಗೋವಿನಜೋಳದ ದರದಿಂದ ಭಾಗಿಸುವುದು. ಕಾಳು ಅಗ್ಗವಾದರೆ ಅದನ್ನು ಹಂದಿಗೆ ಹಾಕಿ ಹಂದಿ ಮಾರುವುದು. ಕಾಳು ತುಟ್ಟಿಯಾದರೆ ಚೀಲದಲ್ಲೇ ಮಾರಿ ಹಂದಿ ಕಡಿಮೆ ಮಾಡುವುದು. ಮೂರು ತಾಯಿ ಹಂದಿ ಇದ್ದವರಿಗೆ ಈ ಆಯ್ಕೆ ಕೈಯಲ್ಲಿರುತ್ತದೆ. ನೂರು ಇದ್ದವರಿಗೆ ಇರುವುದಿಲ್ಲ, ಯಾಕಂದರೆ ನೂರು ಬಾಯಿ ದಿನಾ ಕಾಯುತ್ತಿರುತ್ತವೆ. 2025-26ಕ್ಕೆ ಗೋವಿನಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಕಣದಲ್ಲಿ ದಲ್ಲಾಳಿ ಎಷ್ಟಕ್ಕೆ ಕೇಳುತ್ತಾನೆ ಅನ್ನುವುದು ನಿಮಗೇ ಚೆನ್ನಾಗಿ ಗೊತ್ತು. ಆ ಎರಡು ದರದ ನಡುವಿನ ಗುಂಡಿಯನ್ನು ದಾಟಲು ಹಂದಿ ಒಂದು ಹಲಗೆ ಆಗಬಹುದು. ಇದಕ್ಕೇ ನಾನು ಇಳಿಯಿರಿ ಅಂದದ್ದು.

ಹಂದಿಯ ದರವೂ ಉಳ್ಳಾಗಡ್ಡಿಯ ಹಾಗೆಯೇ. ಗದಗದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ವರ್ಷ ಉಳ್ಳಾಗಡ್ಡಿ ಚಿನ್ನ ಆಯಿತು ಅಂದರೆ ಮರುವರ್ಷ ಎಲ್ಲರೂ ಅದನ್ನೇ ಹಾಕುತ್ತಾರೆ, ಹುಬ್ಬಳ್ಳಿ ಎಪಿಎಂಸಿಯಲ್ಲಿ ಚೀಲ ಇಳಿಸಿದ ಬಾಡಿಗೆಯೂ ಹುಟ್ಟುವುದಿಲ್ಲ. ಜರ್ಮನಿಯ ಆರ್ಥರ್ ಹನೌ ಎಂಬ ಅರ್ಥಶಾಸ್ತ್ರಜ್ಞ 1920ರ ದಶಕದಲ್ಲೇ ಹಂದಿಯ ದರಗಳನ್ನು ಕೂತು ಲೆಕ್ಕ ಹಾಕಿ ಈ ಏರಿಳಿತವನ್ನು ಗುರುತಿಸಿದ. ಆ ದೇಶದಲ್ಲಿ ಇಂದಿಗೂ ಇಂಥ ಏರಿಳಿತಕ್ಕೆ ಹಂದಿಯ ಚಕ್ರ ಅಂತಲೇ ಹೆಸರು. ಅಮೆರಿಕದಲ್ಲಿ 1998ರ ಡಿಸೆಂಬರಿನಲ್ಲಿ ಹಂದಿಯ ದರ ಎಷ್ಟು ಕುಸಿಯಿತು ಅಂದರೆ, ಸಾವಿರಾರು ಸಣ್ಣ ರೈತರು ಆ ಹೊಡೆತಕ್ಕೆ ಸಾಕಣೆಯನ್ನೇ ಬಿಟ್ಟರು. ಉಳ್ಳಾಗಡ್ಡಿ ಕೈಕೊಟ್ಟರೆ ಹೊಲದಲ್ಲೇ ಬಿಟ್ಟು ಬರಬಹುದು. ಹಂದಿಯನ್ನು ಬಿಡುವಂತಿಲ್ಲ, ಅದು ನಾಳೆಯೂ ತಿನ್ನುತ್ತದೆ.

ನಮ್ಮ ದೇಶದಲ್ಲಿ ಹಂದಿಯ ಲೆಕ್ಕ ಬಹಳ ಸಣ್ಣದು. 2019ರ ಜಾನುವಾರು ಗಣತಿಯಲ್ಲಿ ಸಿಕ್ಕಿದ್ದು 90.6 ಲಕ್ಷ ಹಂದಿ. ಒಟ್ಟು ಜಾನುವಾರು 53 ಕೋಟಿಗೂ ಹೆಚ್ಚು, ಅದರಲ್ಲಿ ಹಂದಿಯ ಪಾಲು ನೂರಕ್ಕೆ ಎರಡೂ ಇಲ್ಲ. ಅದೂ 2012ಕ್ಕಿಂತ ನೂರಕ್ಕೆ 12ರಷ್ಟು ಕಡಿಮೆಯಾಗಿತ್ತು. ಅಸ್ಸಾಂ ಒಂದರಲ್ಲೇ 21 ಲಕ್ಷ. ದೇಶದ ಮಾಂಸ ಉತ್ಪಾದನೆಯಲ್ಲಿ ಕೋಳಿಯೇ ಅರ್ಧದಷ್ಟು, ಹಂದಿ ನೂರಕ್ಕೆ ನಾಲ್ಕರ ಆಸುಪಾಸು. ತಿನ್ನುವವರು ಕಡಿಮೆ, ಧರ್ಮದ ಕಾರಣ ಇದೆ, ಜಾತಿಯ ಕಾರಣ ಇದೆ ಅಂತ ಎಲ್ಲರೂ ಹೇಳುತ್ತಾರೆ. ಅದು ಸುಳ್ಳಲ್ಲ. ಆದರೆ ಅಷ್ಟೇ ಕಾರಣ ಅಂತ ನಾನು ಒಪ್ಪುವುದಿಲ್ಲ. ಈಶಾನ್ಯ ರಾಜ್ಯಗಳು, ಗೋವಾ, ಕೇರಳ, ಕೊಡಗು, ಮಂಗಳೂರು, ಈಗ ಬೆಂಗಳೂರು, ಇಷ್ಟು ಕಡೆ ತಿನ್ನುವವರು ಇದ್ದಾರೆ. ಇಲ್ಲದಿರುವುದು ಸಾಕುವವನಿಗೂ ತಿನ್ನುವವನಿಗೂ ನಡುವಿನ ದಾರಿ.

ಡೆನ್ಮಾರ್ಕ್ ಕಥೆ ಕೇಳಿ. 1887ರಲ್ಲಿ ಜರ್ಮನಿ ಅವರ ಜೀವಂತ ಹಂದಿಗಳಿಗೆ ಗಡಿ ಮುಚ್ಚಿತು. ಮಾಲು ಹೋಗುವ ದಾರಿಯೇ ಬಂದ್. ಅದೇ ವರ್ಷ ಹೋರ್ಸೆನ್ಸ್ ಎಂಬ ಊರಿನಲ್ಲಿ ರೈತರೇ ಸೇರಿ ಸಹಕಾರಿ ಕಸಾಯಿಖಾನೆ ಕಟ್ಟಿದರು. ಜೀವಂತ ಹಂದಿಯ ಬದಲು ಉಪ್ಪು ಹಚ್ಚಿದ ಮಾಂಸವನ್ನು ಇಂಗ್ಲೆಂಡಿಗೆ ಕಳಿಸಿದರು. ಇವತ್ತು ಆ ಸಣ್ಣ ದೇಶದಲ್ಲಿ ಜನರಿಗಿಂತ ಹಂದಿಗಳೇ ಜಾಸ್ತಿ. ಸಹಕಾರ ಅನ್ನುವುದು ನಮಗೇನೂ ಹೊಸದಲ್ಲ. ಗದಗದ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲೇ ಕೃಷಿ ಸಹಕಾರ ಸಂಘ ಕಟ್ಟಿದವರು, ದೇಶದ ಮೊಟ್ಟಮೊದಲ ಸಂಘಗಳಲ್ಲಿ ಅದೂ ಒಂದು. ಹಾಲಿಗೆ ಊರೂರಲ್ಲಿ ಡೇರಿ ಇದೆ, ಫ್ಯಾಟ್ ನೋಡಿ ದರ ಕೊಡುತ್ತಾರೆ. ಹಂದಿಗೆ ಏನಿದೆ? ಗಾಡಿ ತಂದವನು ಹೇಳಿದ್ದೇ ತೂಕ, ಹೇಳಿದ್ದೇ ದರ. ಈ ಭಾಗದಲ್ಲಿ ಹಂದಿ ಸಾಕುವ ನೂರು ಜನ ಸೇರಿ ಒಂದು ಲೈಸೆನ್ಸ್ ಇರುವ ಕಸಾಯಿಖಾನೆ, ಒಂದು ತಣ್ಣನೆಯ ಕೋಣೆ, ಒಂದು ತಕ್ಕಡಿ ಮಾಡಿಕೊಂಡರೆ ಲೆಕ್ಕವೇ ಬೇರೆ ಆಗುತ್ತದೆ. ಇದನ್ನು ನಾನು ಹತ್ತು ಸಭೆಗಳಲ್ಲಿ ಹೇಳಿದ್ದೇನೆ, ಇನ್ನೂ ಹೇಳುತ್ತೇನೆ.

ಗೋವಾದ ಮಾತಿಗೆ ಬರೋಣ. ಬೇಡಿಕೆ ಇದೆ, ಆದರೆ ವರ್ಷವಿಡೀ ಒಂದೇ ಸಮ ಇಲ್ಲ. ಕ್ರಿಸ್‌ಮಸ್ ಮುಂದೆ, ಕಾರ್ನಿವಲ್ ಹೊತ್ತಿಗೆ ಏರುತ್ತದೆ. ಆಮೇಲೆ ಈಸ್ಟರ್‌ವರೆಗಿನ ನಲವತ್ತು ದಿನ ಕ್ರೈಸ್ತರು ಉಪವಾಸ ಹಿಡಿಯುತ್ತಾರೆ, ಇಳಿಯುತ್ತದೆ. ಡಿಸೆಂಬರಿಗೆ ನೂರು ಕೆಜಿಯ ಹಂದಿ ಬೇಕು ಅಂದರೆ ಮರಿ ಏಪ್ರಿಲ್‌ನಲ್ಲಿ ಹುಟ್ಟಬೇಕು, ಅಂದರೆ ಹಿಂದಿನ ಡಿಸೆಂಬರಿನಲ್ಲೇ ಗಂಡಿಗೆ ಬಿಡಬೇಕು. ನಮ್ಮ ಏಪ್ರಿಲ್ ಹೇಗಿರುತ್ತದೆ ಗೊತ್ತಲ್ವಾ? ಹಂದಿಗೆ ಬೆವರುವ ಶಕ್ತಿ ಇಲ್ಲವೇ ಇಲ್ಲ ಅನ್ನಬಹುದು. ಅದು ಕೆಸರಿನಲ್ಲಿ ಹೊರಳುವುದು ಹೊಲಸು ಇಷ್ಟ ಅಂತ ಅಲ್ಲ, ಮೈ ತಣ್ಣಗಾಗಲಿ ಅಂತ. ತುಂಬು ಗಬ್ಬದ ತಾಯಿ ಬಿಸಿಲಿಗೆ ಏದುಸಿರು ಬಿಟ್ಟು ಸತ್ತೇ ಹೋಗಬಹುದು. ಹಾಗಾಗಿ ಶೆಡ್ ಎತ್ತರ ಇರಲಿ, ಸುತ್ತ ಗಿಡ ಇರಲಿ, ಮಧ್ಯಾಹ್ನ ತುಂತುರು ನೀರು ಬೀಳುವ ಹಾಗಿರಲಿ. ನಿಮ್ಮ ಬೋರು ಮೇ ತಿಂಗಳಲ್ಲಿ ಎಷ್ಟು ನೀರು ಕೊಡುತ್ತದೆ ಅನ್ನುವುದನ್ನು ನೋಡಿಯೇ ಹಂದಿಯ ಸಂಖ್ಯೆ ಹಿಡಿಯಿರಿ. ಹಾಲು ಕುಡಿಸುವ ತಾಯಿಗೆ ಕುಡಿಯಲಿಕ್ಕೇ ದಿನಕ್ಕೆ 20 ಲೀಟರಿಗೂ ಹೆಚ್ಚು ಬೇಕು, ತೊಳೆಯುವುದು ಬೇರೆ. ಗಾಡಿಯನ್ನು ರಾತ್ರಿಯೇ ಹೊರಡಿಸಿ ಘಟ್ಟ ಇಳಿಸಬೇಕು. ಹಗಲು ಹೊರಟ ಗಾಡಿಯಲ್ಲಿ ಸಾವು ನೋಡಿದ್ದೇನೆ.

ರೋಗದ ವಿಷಯ ಸ್ವಲ್ಪ ನಿಧಾನವಾಗಿ ಓದಿ. ಕನ್ನಡದಲ್ಲಿ ಮೂರು ಬೇರೆ ಬೇರೆ ರೋಗಗಳನ್ನು ನಾವು ಹಂದಿ ಜ್ವರ ಅಂತ ಒಂದೇ ಹೆಸರಿನಲ್ಲಿ ಕರೆಯುತ್ತೇವೆ. 2009ರಲ್ಲಿ ಜನ ಮಾಸ್ಕ್ ಹಾಕಿಕೊಂಡು ಓಡಾಡಿದ್ದು ಎಚ್1ಎನ್1, ಅದು ಮನುಷ್ಯರಿಂದ ಮನುಷ್ಯರಿಗೆ ಹರಡಿದ ಜ್ವರ. ಹಳೆಯ ಹಂದಿ ಜ್ವರ, ಕ್ಲಾಸಿಕಲ್ ಅನ್ನುತ್ತೇವಲ್ಲ, ಅದಕ್ಕೆ ಲಸಿಕೆ ಇದೆ, ತಪ್ಪದೆ ಹಾಕಿಸಿ. ಮೂರನೆಯದು ಆಫ್ರಿಕನ್ ಹಂದಿ ಜ್ವರ. ಮನುಷ್ಯರಿಗೆ ಬರುವುದಿಲ್ಲ. ಆದರೆ ಫಾರ್ಮಿಗೆ ಬಂತು ಅಂದರೆ ಶೆಡ್ ಖಾಲಿ. ಔಷಧಿ ಇಲ್ಲ, ನಮ್ಮಲ್ಲಿ ಹಾಕಿಸಲು ಲಸಿಕೆಯೂ ಇಲ್ಲ. ಚೀನಾಕ್ಕೆ ಇದು 2018ರ ಆಗಸ್ಟ್‌ನಲ್ಲಿ ಬಂತು. ಜಗತ್ತಿನ ಅರ್ಧದಷ್ಟು ಹಂದಿ ಸಾಕುವ ದೇಶ ಅದು. ಒಂದು ವರ್ಷದಲ್ಲಿ ಅಲ್ಲಿನ ಹಂದಿಗಳಲ್ಲಿ ನೂರಕ್ಕೆ 40ರಷ್ಟು ಕಡಿಮೆಯಾದವು, ಮಾಂಸದ ದರ ದುಪ್ಪಟ್ಟಾಯಿತು, ಸರ್ಕಾರ ತನ್ನ ಸಂಗ್ರಹದಲ್ಲಿಟ್ಟಿದ್ದ ಹೆಪ್ಪುಗಟ್ಟಿಸಿದ ಮಾಂಸವನ್ನು ಪೇಟೆಗೆ ಬಿಡಬೇಕಾಯಿತು. ನಾವು ಅಕ್ಕಿ, ಗೋಧಿಯನ್ನು ಗೋದಾಮಿನಲ್ಲಿ ಕಾಯುವ ಹಾಗೆ ಅವರು ಹಂದಿ ಮಾಂಸ ಕಾಯುತ್ತಾರೆ. ದೇಶದ ಬೇಸಾಯದಲ್ಲಿ ಹಂದಿಗೆ ಎಂಥ ಜಾಗ ಇರಬಹುದು ಅನ್ನುವುದು ಇದರಲ್ಲೇ ತಿಳಿಯುತ್ತದೆ.

ನಮ್ಮಲ್ಲಿ ಈ ಆಫ್ರಿಕನ್ ಜ್ವರ 2020ರ ಮೇ ತಿಂಗಳಲ್ಲಿ ಅಸ್ಸಾಂ, ಅರುಣಾಚಲದಲ್ಲಿ ಖಚಿತವಾಯಿತು. 2022ರ ಜುಲೈನಲ್ಲಿ ನಮ್ಮ ಗಡಿಯ ಪಕ್ಕದ ವಯನಾಡಿಗೆ ಬಂತು, ಅದೇ ತಿಂಗಳು ಕೇರಳ ಹೊರಗಿನ ಹಂದಿಗಳಿಗೆ ಬಾಗಿಲು ಹಾಕಿತು. ರೋಗ ಕಂಡ ಜಾಗದಿಂದ ಒಂದು ಕಿಲೋಮೀಟರ್ ಒಳಗಿನ ಹಂದಿಗಳನ್ನೆಲ್ಲ ಕೊಲ್ಲುತ್ತಾರೆ, ಹತ್ತು ಕಿಲೋಮೀಟರ್ ಕಣ್ಗಾವಲು ಇಡುತ್ತಾರೆ. ನಿಮ್ಮ ಹಂದಿ ಗಟ್ಟಿಯಾಗಿದ್ದರೂ ಪಕ್ಕದವನದಕ್ಕೆ ಬಂದರೆ ನಿಮ್ಮದೂ ಹೋಯಿತು. ಮತ್ತು ಈ ವೈರಾಣು ಮಾಂಸದ ತುಂಡಿನಲ್ಲಿ, ಬೂಟಿನಲ್ಲಿ, ಗಾಡಿಯ ಚಕ್ರದಲ್ಲಿ ಬರುತ್ತದೆ. ಹುಬ್ಬಳ್ಳಿಯ ಖಾನಾವಳಿ, ಹೋಟೆಲ್‌ಗಳ ಉಳಿಕೆ ಅನ್ನ ತಂದು ಹಾಕಿದರೆ ಖರ್ಚು ಅರ್ಧ ಆಗುತ್ತದೆ ಅಂತ ಯಾರಾದರೂ ಹೇಳಿರುತ್ತಾರೆ. ಖರ್ಚು ಕಡಿಮೆ ಆಗುವುದು ಹೌದು. ಆದರೆ ಮಾಂಸ ಬೆರೆತದ್ದನ್ನು ತರಲೇಬೇಡಿ. ಉಳಿದದ್ದನ್ನೂ ಅರ್ಧ ಗಂಟೆಗೂ ಹೆಚ್ಚು ಕುದಿಸದೆ ಹಾಕಬೇಡಿ. ಉಪ್ಪಿನಕಾಯಿ, ಸಾರು ಜಾಸ್ತಿ ಇದ್ದು ನೀರು ಕಡಿಮೆ ಬಿದ್ದರೆ ಉಪ್ಪೇ ವಿಷ ಆಗುತ್ತದೆ, ಹಂದಿ ಗೋಡೆಗೆ ತಲೆ ಒತ್ತಿ ನಿಂತು ಒದ್ದಾಡುತ್ತದೆ.

ಗೋವಿನಜೋಳದ ಬಗ್ಗೆಯೂ ಒಂದು ಮಾತು. ಕೆಲವು ವರ್ಷಗಳ ಹಿಂದೆ ರಾಣೆಬೆನ್ನೂರಿನ ಕಡೆಯ ಒಬ್ಬ ರೈತರು ಫೋನ್ ಮಾಡಿದರು. ನಾಲ್ಕು ತಿಂಗಳ ಹೆಣ್ಣು ಮರಿಗಳು ಬೆದೆಗೆ ಬಂದಿವೆ ಸಾರ್, ಹಿಂದೆಲ್ಲ ಊದಿಕೊಂಡು ಕೆಂಪಾಗಿದೆ, ಬಂದು ನೋಡಿ ಅಂದರು. ಅಷ್ಟು ಸಣ್ಣ ಮರಿ ಬೆದೆಗೆ ಬರುವುದಿಲ್ಲ. ಹೋದೆ. ಮರಿ ನೋಡುವ ಮೊದಲೇ ಮೇವಿನ ಕೋಣೆಗೆ ಹೋಗಿ ಚೀಲದೊಳಗೆ ಕೈ ಹಾಕಿದೆ. ಒಳಗೆ ಬೆಚ್ಚಗಿತ್ತು. ಕಾಳು ಮುಷ್ಟಿಯಲ್ಲಿ ಹಿಡಿದರೆ ಅಂಟಿಕೊಳ್ಳುತ್ತಿತ್ತು, ಬೆಳಕಿಗೆ ಹಿಡಿದರೆ ತುದಿಯಲ್ಲಿ ತಿಳಿ ಗುಲಾಬಿ ಬಣ್ಣದ ಬೂಷ್ಟು. ಅಕ್ಟೋಬರ್ ಮಳೆಯಲ್ಲಿ ಕಣದಲ್ಲೇ ನೆನೆದ ಮಾಲನ್ನು ವ್ಯಾಪಾರಿಯೊಬ್ಬ ಕಡಿಮೆ ದರಕ್ಕೆ ಕೊಟ್ಟಿದ್ದ. ಆ ಬೂಷ್ಟಿನ ವಿಷ ಹೆಣ್ಣಿನ ಹಾರ್ಮೋನಿನ ಹಾಗೆ ಕೆಲಸ ಮಾಡುತ್ತದೆ. ಚೀಲ ಬದಲಿಸಿದ ಮೇಲೆ ಮರಿಗಳು ಸರಿಯಾದವು, ಆದರೆ ಗಬ್ಬದ ಎರಡು ತಾಯಂದಿರು ಕಂದು ಹಾಕಿದವು. ನಿಮ್ಮ ಸ್ವಂತ ಕಾಳೇ ಆದರೂ ಚೆನ್ನಾಗಿ ಒಣಗಿಸಿ, ಹಲ್ಲಿನಲ್ಲಿ ಕಚ್ಚಿದರೆ ಕಟ್ ಅನ್ನಬೇಕು, ಆಮೇಲೆ ಚೀಲಕ್ಕೆ ಹಾಕಿ. ಮಳೆಗೆ ಸಿಕ್ಕಿದ್ದನ್ನು ಹಂದಿಗೆ ಹಾಕೋಣ ಅನ್ನುವ ಯೋಚನೆ ಬಿಡಿ.

ಮರಿ ಹಾಕುವ ರಾತ್ರಿ ನೀವೇ ಅಲ್ಲಿರಬೇಕು. ತಾಯಿ ಹುಲ್ಲು ಕೆದರಿ ಗೂಡು ಮಾಡಲು ಶುರು ಮಾಡಿತು, ಮೊಲೆ ಹಿಂಡಿದರೆ ಹಾಲು ಬಂತು ಅಂದರೆ ಅವತ್ತೇ. ಮರಿ ಹೊರಬಂದ ಕೂಡಲೇ ಮೂಗು, ಬಾಯಿ ಒರೆಸಿ, ಹೊಕ್ಕುಳಿಗೆ ಅಯೋಡಿನ್ ಹಚ್ಚಿ, ಮೊಲೆಗೆ ಹಿಡಿಸಿ. ತಾಯಿಗೆ ಒಂದೂವರೆ ಕ್ವಿಂಟಲ್ ತೂಕ, ಮರಿ ಒಂದು ಕೆಜಿ ಚಿಲ್ಲರೆ. ಅದು ಮಗ್ಗಲು ಬದಲಿಸುವಾಗ ಮರಿ ಅಡಿಗೆ ಸಿಕ್ಕಿ ಸಾಯುವುದೇ ಮೊದಲ ಮೂರು ದಿನದ ದೊಡ್ಡ ನಷ್ಟ. ಗೋಡೆಯಿಂದ ಒಂದು ಗೇಣು ಬಿಟ್ಟು ಅಡ್ಡಲಾಗಿ ಪೈಪ್ ಹಾಕಿಸಿ, ಮೂಲೆಯಲ್ಲಿ ಬಲ್ಬ್ ಇಳಿಬಿಟ್ಟರೆ ಮರಿಗಳು ಬೆಚ್ಚಗೆ ಅಲ್ಲೇ ಮಲಗುತ್ತವೆ. ಮೂರನೇ ದಿನ ಕಬ್ಬಿಣಾಂಶದ ಇಂಜೆಕ್ಷನ್ ತಪ್ಪಿಸಬೇಡಿ, ತಾಯಿ ಹಾಲಿನಲ್ಲಿ ಅದು ಸಾಲುವುದಿಲ್ಲ. ಸಿಮೆಂಟ್ ನೆಲದ ಮರಿಗೆ ಮಣ್ಣೂ ಸಿಗುವುದಿಲ್ಲ.

ನಿಮ್ಮ ತಂದೆಯವರ ಮಾತು. ಹಂದಿ ಅಂದಕೂಡಲೇ ಅವರ ಕಣ್ಣ ಮುಂದೆ ಬರುವುದು ಹುಬ್ಬಳ್ಳಿಯ ಗಟಾರದ ಹಂದಿ. ಹೊಲಸು ತಿಂದ ಹಂದಿಯಲ್ಲಿ ಲಾಡಿಹುಳದ ಗುಳ್ಳೆ ಇರುತ್ತವೆ, ಅದು ನಿಜ. ಆದರೆ ಮನುಷ್ಯರ ಮಿದುಳಿಗೆ ಹೋಗಿ ಫಿಟ್ಸ್ ತರುವುದು ಆ ಹುಳದ ಮೊಟ್ಟೆ, ಅದು ಬರುವುದು ಮನುಷ್ಯರ ಮಲ ತಾಗಿದ ನೀರು, ಸೊಪ್ಪಿನಿಂದ. ಹಂದಿ ಮುಟ್ಟದವರಿಗೂ ಬರುತ್ತದೆ. ಕಟ್ಟಿ ಹಾಕಿ, ಕಾಳು ತಿನ್ನಿಸಿ ಸಾಕಿದ ಹಂದಿಗೆ ಈ ಹುಳ ಹತ್ತುವ ಸಂಭವ ಬಹಳ ಕಡಿಮೆ. ಇದನ್ನು ಅವರಿಗೆ ಸಮಾಧಾನದಿಂದ ಹೇಳಿ. ಇನ್ನೊಂದು, ಈ ಸೀಮೆಯಲ್ಲಿ ತಲೆತಲಾಂತರದಿಂದ ಹಂದಿ ಸಾಕಿದ ಕೊರಮ, ಕೊರವ ಮನೆತನಗಳಿವೆ. ಹಂದಿಯ ಕಿವಿ ನೋಡಿ ಜ್ವರ ಹೇಳುವವರು ಅವರಲ್ಲಿದ್ದಾರೆ. ಊರು ಅವರನ್ನು ಹಂದಿಯ ಕಾರಣಕ್ಕೇ ದೂರ ಇಟ್ಟಿತು. ಈಗ ಹಂದಿಗೆ ಲಕ್ಷಗಟ್ಟಲೆ ಸಬ್ಸಿಡಿ ಬಂದಾಗ ಜಮೀನಿನ ಪತ್ರ, ಬ್ಯಾಂಕ್ ಸಾಲ ಕೇಳಿ ಮತ್ತೆ ಅವರನ್ನು ಹೊರಗೇ ನಿಲ್ಲಿಸಿದೆವು. ಇದು ನನ್ನನ್ನು ಬಹಳ ನೋಯಿಸುವ ವಿಷಯ. ನೀವು ಅವರಲ್ಲಿ ಒಬ್ಬರನ್ನು ಕೂಲಿಗೆ ಅಲ್ಲ, ಪಾಲಿಗೆ ಸೇರಿಸಿಕೊಳ್ಳಿ. ಅವರ ಕಣ್ಣು, ನಿಮ್ಮ ಹೊಲ. ನಿಮಗೂ ಒಳ್ಳೆಯದು, ಅವರಿಗೂ ಒಳ್ಳೆಯದು.

ದುಡ್ಡಿಗೆ ಮೂರು ಹಂದಿಯ ಮಟ್ಟದಲ್ಲಿ ದೊಡ್ಡ ಸಾಲ ಬೇಕಿಲ್ಲ. ಕಿಸಾನ್ ಕ್ರೆಡಿಟ್ ಕಾರ್ಡ್ ಈಗ ಪಶುಪಾಲನೆಗೂ ಸಿಗುತ್ತದೆ, ಅದರಲ್ಲೇ ಮೇವಿನ ಖರ್ಚು ತೂಗಿಸಬಹುದು. ಒಂದು ತಿಳಿದಿರಲಿ, ಹಂದಿಯ ಆದಾಯ ತೆರಿಗೆ ಲೆಕ್ಕದಲ್ಲಿ ಕೃಷಿ ಆದಾಯ ಅಲ್ಲ, ವ್ಯಾಪಾರದ ಆದಾಯ. ಖರ್ಚಿನ ಚೀಟಿ ಇಟ್ಟುಕೊಳ್ಳಿ. ಪಂಚಾಯ್ತಿಯ ಒಪ್ಪಿಗೆ ಮೊದಲೇ ತೆಗೆದುಕೊಳ್ಳಿ, ಊರಿನಿಂದ ದೂರ, ಗಾಳಿ ಊರ ಕಡೆ ಬೀಸದ ಜಾಗ ನೋಡಿ.

ಕೊನೆಗೆ ಮರಿ ಎಲ್ಲಿಂದ ಅನ್ನುವುದು. ಸಂತೆಯಿಂದ, ದಲ್ಲಾಳಿಯಿಂದ ಬೇಡ. ಬೆಂಗಳೂರಿನ ಹೆಸರಘಟ್ಟದಲ್ಲಿ ಸರ್ಕಾರದ ಹಂದಿ ತಳಿ ಕೇಂದ್ರ ಇದೆ, ಅಲ್ಲಿ ವಿಚಾರಿಸಿ. ಗದಗದಲ್ಲಿ ಈಗ ಪಶುವೈದ್ಯ ಕಾಲೇಜು ಇದೆ, ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ನಿಮಗೆ ಹತ್ತಿರ, ಮೊದಲು ಅಲ್ಲಿ ಹೋಗಿ ಮಾತಾಡಿ, ತಂದೆಯವರನ್ನೂ ಕರೆದುಕೊಂಡು ಹೋಗಿ. ಲಾರ್ಜ್ ವೈಟ್ ಯಾರ್ಕ್‌ಷೈರ್ ತಳಿಯ ಹೆಣ್ಣು ಮೂರು, ಗಂಡು ಬೇರೆ ಮನೆತನದ್ದು ಒಂದು, ಒಂದೇ ತಾಯಿಯ ಮರಿಗಳು ಬೇಡ. ತಂದ ಮೇಲೆ 30 ದಿನ ಬೇರೆ ಶೆಡ್ಡಿನಲ್ಲಿಡಿ. ಆ ಶೆಡ್ಡಿಗೆ ಬೇರೆ ಬೂಟು, ಬೇರೆ ಬಕೆಟ್. ಬಾಗಿಲಲ್ಲಿ ಸುಣ್ಣ. ಮೊದಲ ಸೂಲಿನ ಮರಿ ಮಾರಿದ ದಿನ ಮೇವಿನ ಚೀಟಿಗಳನ್ನೆಲ್ಲ ಕೂಡಿಸಿ, ಕೆಜಿಗೆ ಎಷ್ಟು ಬಿತ್ತು ಅಂತ ಬರೆದು ನನಗೆ ಕಳಿಸಿ. ನಾಲ್ಕನೆಯದು ಕಟ್ಟಬೇಕಾ ಬೇಡವಾ ಅನ್ನುವುದನ್ನು ಆ ಅಂಕಿ ಇಟ್ಟುಕೊಂಡು ಮಾತಾಡೋಣ.